ಊಟದ ಕೋಣೆಯ ಅರ್ಧ ಬಾಗಿಲು

ಪ್ರೇಕ್ಷಾಳ ಅಪ್ಪನಿಗೆ,

ನಮ್ಮ ಮನೆತನದ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿಯೊಂದು ಇಂದು ನಡೆಯಿತು. ಅಂಕೋಲೆಯ ಹೋಟೆಲು ನೋಡಿ ನೀವು ನಮ್ಮ ಮನೆಯಲ್ಲಿ ಮಾಡಿಸಿದ ಊಟದ ಕೋಣೆಗೆ ಮೊದಲ ಗಿರಾಕಿ ಬಂದರು. ತಿಂಗಳು ಉಳಿಯಲೆಂದು ಅವರ್ಸಾದಿಂದ ಬಂದ ನಿಮ್ಮ ಆಯಿ.

‘ಫ್ಯಾಮಿಲಿ ರೂಮ್’ ಎಂದು ನೀವು ಬರೆಸಿದ ಅರ್ಧ ಬಾಗಿಲು ದೂಡಿ ಒಳಹೋಗಿ, ಕೆಂಪು ಬಲ್ಬಿನ ಕೆಳಗೆ ಮೀನಿನ ಮುಳ್ಳು ತಡಕುತ್ತ ಉಂಡರು. ಕೈತೊಳೆದು, ಬಾಗಿಲ ಬಳಿ ನೀವಿಟ್ಟ ಬಡೇಸೋಪು ಬಾಯಿಗೆ ಹಾಕಿಕೊಂಡು, ಚೀಲ ಎತ್ತಿದರು.

“ಎಲ್ಲಿಗೆ ಅತ್ತೆ?” ಅಂದೆ.

“ಉಂಡಾಯ್ತಲ್ಲೆ ತಂಗಿ. ಹೋಟ್ಲಲ್ಲಿ ಉಂಡ್ಕಂಡು ಅಲ್ಲೇ ಉಳೂಕಾಗ್ತದ್ಯೆ?”

ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಮಗಳೂ ಜೊತೆಗೆ ಹೊರಟಿದ್ದೇವೆ. ಸಾರು ಒಲೆಯ ಮೇಲಿದೆ. ಮುಚ್ಚಳದ ಮೇಲೆ ಕಲ್ಲಿಡಿ, ನಿಮ್ಮ ಬಾಗಿಲಿನಡಿ ಬೆಕ್ಕು ಆರಾಮಾಗಿ ನುಸುಳುತ್ತದೆ. ಆ ಬಾಗಿಲು ಬಿಚ್ಚಿ ತೆಗೆದ ಮೇಲೆ ಕರೆಯಲು ಬನ್ನಿ. ಅಲ್ಲಿಯವರೆಗೆ ನಾವು ಮೂವರೂ ಅವರ್ಸಾದಲ್ಲಿ ಇರುತ್ತೇವೆ.