ಸೀಟಿನ ಕನಿಷ್ಠ ತೂಕ

ಮಾರ್ಚ್ 3, ಬೆಳಿಗ್ಗೆ

ಮತ್ತೆ ಐವತ್ತೆರಡು. ತೂಕದ ಯಂತ್ರವನ್ನು ಸರಿಸಿ ಇನ್ನೊಂದು ಮೂಲೆಯಲ್ಲಿಟ್ಟು ನಿಂತೆ. ಅದೇ. ಹಾರಾಟ ಕಲಿಯಲು ಸೇರಿದಾಗ ಐವತ್ತೇಳಿದ್ದೆ. ಕಾರಣ ಗೊತ್ತಿಲ್ಲ... ಗೊತ್ತುಮಾಡಿಕೊಳ್ಳುವ ಧೈರ್ಯವಿಲ್ಲ.

ಬಾತ್‌ರೂಮಿನ ಬಾಗಿಲಾಚೆ ಯಜಮಾನರು: "ತಿಂದ್ರೆ ತೂಕ ಬರುತ್ತೆ ಕಣೇ, ತೂಗಿದ್ರೆ ಅಲ್ಲ."

ಮಾರ್ಚ್ 5

ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಪಾಠ. ನಮ್ಮ ಎರಡು ಸೀಟಿನ ಪುಟ್ಟ ವಿಮಾನಕ್ಕೆ ಗರಿಷ್ಠ ಭಾರವೂ ಇದೆ, ಕನಿಷ್ಠವೂ ಇದೆ. ಹಾರಾಟದ ಮೇಷ್ಟ್ರು ಭಾರಿ ಆಳು. ಅವರು ಜೊತೆಗೆ ಕೂತರೆ ಪೆಟ್ರೋಲ್ ಕಡಿಮೆ ತುಂಬಿಸಬೇಕು. ಒಬ್ಬಳೇ ಹಾರಿದರೆ ಸೀಟಿನಲ್ಲಿ ಐವತ್ತೈದು ಕಿಲೊ ಇರಲೇಬೇಕು. ಇಲ್ಲದಿದ್ದರೆ ಬಾಲ ಜಗ್ಗಿ ಮೂಗು ಮೇಲೇಳುತ್ತದೆ.

"ಮುಂದಿನ ವಾರ ನಿಮ್ಮನ್ನ ಒಬ್ಬರನ್ನೇ ಬಿಡೋಣ ಅಂತಿದ್ದೀನಿ ಮೇಡಂ. ಯಾಕೆ ಹಿಂಗೆ ಇಳಿದು ಹೋಗಿದ್ದೀರಿ? ಐವತ್ತೈದಕ್ಕಿಂತ ಕಡಿಮೆ ಬಂದ್ರೆ ಮೊದಲು ಡಾಕ್ಟರ ಹತ್ರ."

ನಕ್ಕೆ. ಡಾಕ್ಟರು ಏನಾದರೂ ಕಂಡುಹಿಡಿದರೆ ಹಾರಾಟ ಅಲ್ಲಿಗೆ ಮುಗಿಯಿತು. ಈ ವಯಸ್ಸಿನಲ್ಲಿ ಮತ್ತೆ ಯಾರು ಸೇರಿಸಿಕೊಳ್ಳುತ್ತಾರೆ?

ಮಾರ್ಚ್ 9

ಹತ್ತುವ ಮುನ್ನ ಇಲ್ಲಿ ಹೇಗಿದ್ದೇವೋ ಹಾಗೇ ತೂಗುತ್ತಾರೆ—ಬೂಟು, ಬ್ಯಾಗು ಸಮೇತ. ಬ್ಯಾಗಿಗೆ ಎರಡು ದಪ್ಪ ಕವನ ಸಂಪುಟ ಹಾಕಿದೆ. ಐವತ್ತಾರು. ಮೇಷ್ಟ್ರು ತಲೆಯಾಡಿಸಿದರು. ಅವರೂ ಜೊತೆಗಿದ್ದ ಹಾರಾಟ—ಪುಣ್ಯ.

ಇಳಿಯುವ ಹೊತ್ತು. ಸೀಟಿನ ಪಕ್ಕ ತುರುಕಿದ್ದ ಬ್ಯಾಗು ಜಾರಿ ಕಾಲಡಿಗೆ. ದಿಕ್ಕು ತಿರುಗಿಸುವ ಪೆಡಲ್ ಒತ್ತಿದೆ—ಅಲುಗಲಿಲ್ಲ. ರನ್‌ವೇ ಬಿಟ್ಟು ಹುಲ್ಲಿನ ಕಡೆ ಹೊರಳುತ್ತಿದ್ದೇವೆ.

"ಕಾಲು ತೆಗೀರಿ!" ಮೇಷ್ಟ್ರು ಪಟ್ಟಿ ಹಿಡಿದು ಬ್ಯಾಗು ಎಳೆದುಕೊಂಡರು. ಎಂಜಿನ್ ಗುಡುಗಿಸಿ ವಿಮಾನ ಮತ್ತೆ ಮೇಲೆತ್ತಿದರು. "ಏನಿದೆ ಇದರಲ್ಲಿ, ಕಲ್ಲಾ?"

"ಕವಿತೆ..."

"ಆಮೇಲೆ ಓದ್ಕೊಳ್ಳಿ. ಈಗ ಬದುಕೋಣ."

ಕೆಳಗಿಳಿದ ಮೇಲೆ ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು. "ತೂಕ ಕಡಿಮೆ ಇದ್ರೆ ಸೀಟಿಗೆ ಸೀಸ ಕಟ್ಟಬಹುದು ಮೇಡಂ. ನೀವು ಹೇಳಲೇ ಇಲ್ಲ ಅಂದ್ರೆ ನಾನು ಏನು ಅಂತ ಕಟ್ಟಲಿ?"

ಮಾರ್ಚ್ 24

ರಕ್ತ, ಸ್ಕ್ಯಾನು, ಕಾಯುವ ಕೋಣೆಗಳು. ಥೈರಾಯ್ಡ್ ಅಂತೆ. ಮಾತ್ರೆ. ಭಯ ಅಷ್ಟು ದೊಡ್ಡದಿತ್ತು, ಹೆಸರು ಇಷ್ಟೇ. ಯಜಮಾನರು ರಿಪೋರ್ಟ್ ಹಿಡಿದು ಹನಿಗಣ್ಣಾದರು. ಕೇಳಿದರೆ ಕನ್ನಡಕದ ತಪ್ಪು.

"ಹಾರೋದಾ? ಮೊದಲು ಮಾತ್ರೆ ಕೆಲಸ ಮಾಡಲಿ, ಆಮೇಲೆ ನೋಡೋಣ," ಅಂದರು ಡಾಕ್ಟರಮ್ಮ.

ಜೂನ್ 6, ಬೆಳಿಗ್ಗೆ 7

ಹ್ಯಾಂಗರಿನ ಬೆಂಚು. ಡಾಕ್ಟರಮ್ಮ ಹಾರಬಹುದು ಎಂದು ಬರೆದುಕೊಟ್ಟಿದ್ದಾರೆ. ಬರಿಗೈಲಿ ತೂಗಿದರು: ಐವತ್ತಮೂರು. ಮೆಕ್ಯಾನಿಕ್ ನನ್ನ ಸೀಟಿನಡಿ ಸೀಸದ ಹಲಗೆ ಬೋಲ್ಟ್ ಮಾಡಿ ಅಲ್ಲಾಡಿಸಿ ನೋಡಿದ. "ಇದು ಜಾರಲ್ಲ ಮೇಡಂ. ಇದರೊಳಗೆ ಪದ್ಯ ಇಲ್ಲ." ಊರಿಗೆಲ್ಲ ಗೊತ್ತಾಗಿದೆ!

"ನಾನಿಲ್ದೆ ವಿಮಾನ ಹಗುರ. ಬೇಗ ಏಳುತ್ತೆ, ಇಳಿಯೋಕೆ ಸತಾಯಿಸುತ್ತೆ. ಗಾಬರಿ ಬೀಳಬೇಡಿ," ಅಂದರು ಮೇಷ್ಟ್ರು. ಈಗ ತಮ್ಮ ಖಾಲಿ ಸೀಟಿಗೆ ಬೆಲ್ಟ್ ಬಿಗಿಯುತ್ತಿದ್ದಾರೆ, ಯಾರನ್ನೋ ಕೂರಿಸಿದ ಹಾಗೆ. ಬೇಲಿಯಾಚೆ ಯಜಮಾನರು. ಕೈ ಬೀಸುತ್ತಿಲ್ಲ, ಕಂಬಿ ಹಿಡಿದಿದ್ದಾರೆ.

ಮೇಷ್ಟ್ರು ಕೂಗುತ್ತಿದ್ದಾರೆ. ಬ್ಯಾಗು ಬೆಂಚಿನ ಮೇಲೇ ಇರಲಿ. ಪೆನ್ನು, ಈ ಡೈರಿಯೂ—