ಕೂಗದ ಎಚ್ಚರಿಕೆ

೧೪ ಮಾರ್ಚ್ ೨೦೦೦, ಮಂಗಳವಾರ

ಊಟಕ್ಕೆ ಕೂತಾಗ ಭಾವ ಆಡಿದ ಮಾತು ಇನ್ನೂ ಕಿವಿಯಲ್ಲಿದೆ. "ನಿನ್ನ ತಮ್ಮ, ಆ ಶಾಲೆ ಬಿಟ್ಟ ಪಂಡಿತ, ಬರೆದ ಪ್ರೋಗ್ರಾಂ ಬಲು ಸಾಧು ಕಣೇ. ಎರಡು ತಿಂಗಳಾಯ್ತು, ಒಂದು ಸಲವೂ ಕೂಗಿಲ್ಲ." ಅಕ್ಕ ನಕ್ಕಳು. ನಾನು ಕೈ ತೊಳೆದು ಬಂದು ಪ್ರೋಗ್ರಾಮಿನ ಸಾಲುಗಳನ್ನು ಮತ್ತೆ ಓದಿದೆ.

ಭಾವ ನೋಡಿಕೊಳ್ಳುವ ಗಿರಣಿಯ ಬಾಯ್ಲರ್ ಮುನ್ನೂರು ಗಂಟೆ ಉರಿದಾಗಲೆಲ್ಲ, ಹೆಚ್ಚಾದ ಆವಿ ಹೊರಬಿಟ್ಟು ಅದು ಸಿಡಿಯದಂತೆ ಕಾಯುವ ಸೇಫ್ಟಿ ವಾಲ್ವ್ ಪರೀಕ್ಷಿಸಬೇಕು. ಅದನ್ನು ಕೂಗಿ ನೆನಪಿಸಲೆಂದೇ ಭಾವನ ಅಂಗೈ ಕಂಪ್ಯೂಟರಿಗೆ ಬರೆದುಕೊಟ್ಟಿದ್ದೆ, ನಾನು ಕಲಿತು ಬರೆದ ಮೊದಲ ಪ್ರೋಗ್ರಾಂ. ಮೆಮೊರಿ ಉಳಿಸುವ ಚಪಲಕ್ಕೆ ಗಂಟೆಗಳ ಲೆಕ್ಕಕ್ಕೆ ಒಂದೇ ಬೈಟ್ ಕೊಟ್ಟೆ. ಅದು ೨೫೫ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಮುನ್ನೂರು ಎಂದಿಗೂ ಆಗುವುದಿಲ್ಲ. ನಾನೋ, ಮುನ್ನೂರರ ಬದಲು ಹತ್ತು ಗಂಟೆಯ ಮಿತಿ ಇಟ್ಟು ನೋಡಿ, ಕೂಗಿತೆಂದು ಕುಣಿದಿದ್ದೆ.

ಪಾಳಿಗೆ ಹೋದ ಭಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಬೆಂಕಿ ಆರಿಸಿ ಭಾವ."

"ಈಗ ಆರಿಸಿದ್ರೆ, ಎರಡು ತಿಂಗಳು ಏನು ಕಡಿದು ಕಟ್ಟೆ ಹಾಕ್ದೆ ಅಂತ ಕೇಳ್ತಾರೆ ಕಣೋ. ಬೆಳಗಾಗಲಿ, ನೋಡೋಣ. ಅಕ್ಕನಿಗೆ ಹೇಳ್ಬೇಡ."

ಇಟ್ಟುಬಿಟ್ಟರು.

ಅಕ್ಕ ಬಾಗಿಲಲ್ಲಿ ನಿಂತು, ಯಾರಿಗೆ ಫೋನ್ ಮಾಡಿದ್ದು ಎಂದು ಎರಡು ಸಲ ಕೇಳಿದಳು. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೇ ತಲೆ ಎತ್ತದೆ ಬರೆಯುತ್ತಿದ್ದೇನೆ. ಈಗ ಒಳಗೇ ಬರುತ್ತಿದ್ದಾಳೆ