ಸೀರಮ್ ಬಿದ್ದ ಫ್ಲಾಸ್ಕು

ಜೂನ್ 3, ಮಂಗಳವಾರ

ಬೆಳಿಗ್ಗೆಯಿಂದ ಇಲಿ ಮೆದುಳು. ಒಳಗೋಡೆಯ ತೆಳು ಪದರ ಬಿಡಿಸಿ, ಕತ್ತರಿಸಿ, ಸೋಸಿ ಫ್ಲಾಸ್ಕಿಗೆ ಹಾಕಿದೆ. ಅನುಮತಿ ಸಿಕ್ಕಿದ್ದ ಇಲಿಗಳಲ್ಲಿ ಇವು ಕೊನೆಯವು. ಹಿಂದಿನ ಎರಡು ಸಲವೂ ಫಂಗಸ್. ಈ ಸಲ ಸ್ಟೆಮ್ ಸೆಲ್ ಬೆಳೆಯದಿದ್ದರೆ ನನ್ನ ಪಿಎಚ್‌ಡಿಗೆ ಎಳ್ಳುನೀರು. ಗೈಡ್ ಮೈಲಾರಪ್ಪ ಸರ್ ತಿಂಗಳ ಕೊನೆಗೆ ರಿಟೈರ್.

ಜೂನ್ 10

ಬಂದವು! ದುಂಡಗೆ, ನೆನೆಸಿದ ಸಾಬೂದಾಣಿಯ ಹಾಗೆ ತೇಲುತ್ತಿವೆ. ಫ್ಲಾಸ್ಕಿನ ತಳಕ್ಕಂಟಿದರೆ ಮುಗಿಯಿತು, ಸ್ಟೆಮ್ ಸೆಲ್ ಆಗಿ ಉಳಿಯುವುದಿಲ್ಲ. ಪಕ್ಕದ ಬೆಂಚಿನ ಸುಲ್ತಾನಾ ಇಣುಕಿ, "ಎಷ್ಟ ಛಂದ ಅದಾವ ನೋಡ, ಸೌಂದರ್ಯಾ" ಎಂದಳು. ಅವಳ ಕ್ಯಾನ್ಸರ್ ಕೋಶಗಳು ಕರುವಿನ ರಕ್ತದಿಂದ ತೆಗೆದ ಸೀರಮ್ ಕುಡಿದು ಎಮ್ಮೆಯಂತೆ ಬೆಳೆಯುತ್ತವೆ. ನನ್ನವಕ್ಕೆ ಸೀರಮ್ ತಾಗಲೇಬಾರದು, ತಾಗಿದರೆ ತಳಕ್ಕಂಟುತ್ತವೆ.

ಸಂಜೆ ಮೈ ಕೈ ನೋವು... ಜ್ವರವೇ?

ಜೂನ್ 16, ಸೋಮವಾರ

ಡೆಂಗ್ಯೂ ಅಲ್ಲವಂತೆ, ಬರೀ ವೈರಲ್. ಹಾಸ್ಟೆಲ್ಲಿಗೆ ದಿನಾ ಗಂಜಿ ತಂದವಳು ಸುಲ್ತಾನಾ. ಇವತ್ತು ಲ್ಯಾಬಿಗೆ ಕಾಲಿಡುತ್ತಲೇ, "ನಿನ್ನವಕ್ಕೂ ಊಟ ಹಾಕೇನಿ, ಚಿಂತಿ ಮಾಡಬ್ಯಾಡ" ಎಂದಳು.

"ಏನ ಹಾಕಿದಿ?"

"ನಮ್ಮ ಮೀಡಿಯಾ. ನಿಂದು ಹಳಸಿ ಹಳದಿ ಆಗಿತ್ತು. ಪಾಪ, ಉಪಾಸ ಹೆಂಗ ಕೆಡವೂದು?"

ಮೀಡಿಯಾ ಅಂದರೆ ಕೋಶಗಳಿಗೆ ಹಾಕುವ ಪೋಷಕ ದ್ರವ; ಅವಳದ್ದರಲ್ಲಿ ಸೀರಮ್! ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಒಂದೂ ತೇಲುತ್ತಿಲ್ಲ. ಎಲ್ಲ ತಳಕ್ಕಂಟಿ ಕೈಕಾಲು ಚಾಚಿವೆ, ಸಾಮಾನ್ಯ ಕೋಶಗಳಾಗಿಬಿಟ್ಟಿವೆ. ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಅವಳ ಗಂಜಿ ಕುಡಿದು ಎದ್ದವಳು ನಾನು. ಹೊರಗೆ ಹೋದೆ.

ಜೂನ್ 18

ಆದರೂ ಆರ್‌ಎನ್‌ಎ ತೆಗೆದು ಜೀನ್ ನೋಡಿದೆ. ಹುಚ್ಚು ಆಸೆ. ಸ್ಟೆಮ್ ಸೆಲ್ ಹೌದೋ ಅಲ್ಲವೋ ಹೇಳುವ ಜೀನುಗಳೆಲ್ಲ ನೆಲಕಚ್ಚಿವೆ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತೆ.

ಜೂನ್ 20, ಮಧ್ಯಾಹ್ನ

ಸರ್ ಗ್ರಾಫ್ ನೋಡಿದರು. ಬಾಗಿಲು ಮುಂದೆ ಮಾಡಿ, "ಥೀಸಿಸ್‌ನ್ಯಾಗ ಜೀನು ಹೆಚ್ಚಾಗ್ಯಾವ ಅಂತ ಬರದುಬಿಡವಾ. ಯಾರ ಬಂದು ಮತ್ತ ಮಾಡಿ ನೋಡ್ತಾರ? ನಾ ಹೋದ ಮ್ಯಾಲೆ ನಿನ್ನ ಕೈ ಹಿಡಿಯವ್ರು ಯಾರೂ ಇಲ್ಲ" ಎಂದರು. ಕೆಟ್ಟ ಮನುಷ್ಯರಲ್ಲ. ದಣಿದಿದ್ದಾರೆ.

ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿದೆ. ಇದನ್ನು ನಂಬಿ ಇನ್ಯಾವಳೋ ಆರು ವರ್ಷ ಹಾಳು ಮಾಡಿಕೊಂಡರೆ? ಅಳಿಸಿದೆ.

ಸಂಜೆ

"ಆಗೂದಿಲ್ರಿ ಸರ್" ಎಂದೆ. ಥೀಸಿಸ್ಸನ್ನು ನನ್ನ ಕಡೆ ಸರಿಸಿದರು. ಸಹಿಯಿಲ್ಲ. ಕಾರಿಡಾರಿನಲ್ಲಿ ಸುಲ್ತಾನಾ ಅಳುತ್ತ ನಿಂತಿದ್ದಳು, ಅವಳ ಮೀಡಿಯಾದಿಂದಲೇ ಹೀಗಾಯಿತೆಂದು ಯಾರೋ ಹೇಳಿದ್ದಾರೆ. ಸಮಾಧಾನ ಮಾಡಲು ನನ್ನಿಂದಾಗಲಿಲ್ಲ.

ಶಿರಗುಪ್ಪಿಯಿಂದ ಅಪ್ಪನ ಫೋನು. "ಸರ್ ಸಹಿ ಮಾಡಿದ್ರೇನವಾ?"

"ಅಪ್ಪಾ, ಮೊದಲ ಕುಂದರು. ಹೇಳ್ತೇನಿ."

"ಕುಂತೆ, ಹೇಳು" ಎಂದ. ನಗುತ್ತಿದ್ದ. ನಾನು ಫ್ಲಾಸ್ಕಿನಿಂದ ಶುರು ಮಾಡಿದೆ.